ಎದುರು ಮೇಜಿನವರು ಪಕ್ಕಕ್ಕೆ ಬಂದು ಕೂತ ಕಥೆ

ಐದಾರು ದೇಶದ ಕಾಲೇಜು ಹುಡುಗ ಹುಡುಗಿಯರು ಒಂದೇ ಟೀಮಾಗಿ, ಯಾವುದೋ ಕಂಪನಿಯ ತಲೆನೋವಿಗೆ ಮದ್ದು ಹುಡುಕುವುದು, ಚೆನ್ನಾಗಿ ಹುಡುಕಿದವರಿಗೆ ಒಂದು ಪ್ರೈಜು ಸಿಗುವುದು – ಇದು ಈಗ ಎಷ್ಟು ಮಾಮೂಲಿ ಅಂದರೆ ಪುಣೆ, ಹೈದರಾಬಾದ್, ಚೆನ್ನೈನ ಎಂಬಿಎ ಮಕ್ಕಳ ಬಯೋಡೇಟಾದಲ್ಲಿ ಅದೂ ಒಂದು ಸಾಲು. ಮನೆಯವರಿಗೆ ಕಾಣುವುದು ಇಷ್ಟೇ: ರಾತ್ರಿ ಊಟದ ಹೊತ್ತಿಗೆ ಮಗಳು ರೂಮಿನ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಜತೆ ಇಂಗ್ಲಿಷಿನಲ್ಲಿ ಜಗಳ ಆಡುತ್ತಿರುತ್ತಾಳೆ. ಆದರೆ ಈ ಜಗಳದ ಹಿಂದೆ ಸುಮಾರು ಇನ್ನೂರು ವರ್ಷದ ಚರಿತ್ರೆ ಇದೆ. ಮಜಾ ಅಂದರೆ ಅದು ಸ್ನೇಹದಿಂದ ಶುರುವಾದದ್ದಲ್ಲ, ಯುದ್ಧದಿಂದ.

ಚದುರಂಗ ನಮ್ಮದೇ, ಗೊತ್ತಿದ್ದದ್ದೇ. ಅದು ಪರ್ಷಿಯಾ ದಾಟಿ ಯುರೋಪಿಗೆ ಹೋಗಿ ಚೆಸ್ ಆಯಿತು. ಮುಂದೆ ಪ್ರಶ್ಯಾದವರು ಆ ಚೌಕದ ಮಣೆಯನ್ನು ಬಿಸಾಕಿ ಅದರ ಜಾಗಕ್ಕೆ ನಿಜವಾದ ಭೂಪಟ ಹಾಸಿದರು. 1824ರಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ ಆಟಕ್ಕೆ ಗಟ್ಟಿಯಾದ ನಿಯಮ ಬರೆದ. ದಾಳ ಹಾಕಬೇಕು, ಸೈನ್ಯ ನಡೆಸಬೇಕು, ನಡುವೆ ಒಬ್ಬ ತೀರ್ಪುಗಾರ ಕೂತು ಎಷ್ಟು ಜನ ಸತ್ತರು ಅಂತ ಹೇಳಬೇಕು. ಪ್ರಶ್ಯಾದ ಸೇನೆ ಇದನ್ನು ಆಟ ಅಂತ ಅಲ್ಲ, ತರಬೇತಿ ಅಂತಲೇ ಎತ್ತಿಕೊಂಡಿತು. ನೂರು ವರ್ಷದಲ್ಲಿ ಲೋಕದ ಸೇನಾ ಕಾಲೇಜುಗಳಿಗೆಲ್ಲ ಅದು ಹಬ್ಬಿತು.

ಇದರಿಂದ ವ್ಯಾಪಾರಕ್ಕೆ ಹಾರಿದ ಮೊದಲಿಗರು ಅಮೆರಿಕದವರು ಅಂತ ಬಹಳ ವರ್ಷ ಎಲ್ಲರೂ ನಂಬಿದ್ದರು. ಅಲ್ಲ. 1932ರಲ್ಲಿ, ಬಂಡವಾಳಶಾಹಿ ಅಂದರೆ ಬೈಗುಳವಾಗಿದ್ದ ಲೆನಿನ್‌ಗ್ರಾಡಿನಲ್ಲಿ, ಮೇರಿ ಬಿರ್ಶ್ಟೈನ್ ಎಂಬ ಹೆಣ್ಣುಮಗಳು ಒಂದು ಹೊಸ ಟೈಪ್‌ರೈಟರ್ ಕಾರ್ಖಾನೆಯ ಮೇಲ್ವಿಚಾರಕರನ್ನು ಕೂರಿಸಿ ಕಾಗದದ ಮೇಲೆ ಕಾರ್ಖಾನೆ ನಡೆಸುವ ಆಟ ಆಡಿಸಿದಳು. ಬಿಡಿಭಾಗ ಬಾರದಿದ್ದರೆ ಏನು ಮಾಡುತ್ತೀರಿ? ಜೋಡಣೆ ಸಾಲಿನಲ್ಲಿ ಒಂದು ಕಡೆ ಕೆಲಸ ನಿಂತರೆ? ನಿಜವಾದ ಯಂತ್ರ ಹಾಳುಮಾಡುವ ಮೊದಲು ಕಾಗದದ ಮೇಲೆ ಹಾಳುಮಾಡಿ ಕಲಿಯಿರಿ ಅನ್ನುವ ಉಪಾಯ. ಹೊರಜಗತ್ತಿಗೆ ಈ ವಿಷಯ ತಿಳಿಯಲು ದಶಕಗಳೇ ಹಿಡಿದವು. ಅವಳ ಆಟದಲ್ಲಿ ಗೆಲ್ಲಬೇಕಾದ ಶತ್ರು ಇರಲಿಲ್ಲ ಅನ್ನುವುದನ್ನು ಗಮನಿಸಿ. ಎಲ್ಲರೂ ಸೇರಿ ಒಂದು ಕಾರ್ಖಾನೆ ನಡೆಸಬೇಕಿತ್ತು ಅಷ್ಟೆ.

ಅಮೆರಿಕದವರು ಹೋದದ್ದು ಇನ್ನೊಂದು ದಾರಿಯಲ್ಲಿ. 1955ರಲ್ಲಿ ರ‍್ಯಾಂಡ್ ಕಾರ್ಪೊರೇಷನ್ ವಾಯುಪಡೆಯ ಬಿಡಿಭಾಗ ಸರಬರಾಜು ಕಲಿಸಲು ಮೊನೊಪೊಲಾಗ್ಸ್ ಅಂತ ಒಂದು ಆಟ ಮಾಡಿತು. ಮರುವರ್ಷ ಅಮೆರಿಕನ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ನಿನವರು ನೌಕಾಪಡೆಯ ಯುದ್ಧ ಕಾಲೇಜಿಗೆ ಹೋಗಿ, ಅಲ್ಲಿ ಅಧಿಕಾರಿಗಳು ಸಮುದ್ರಯುದ್ಧ ಆಡುವುದನ್ನು ನೋಡಿದರು. ಸೇನಾಧಿಕಾರಿ ಗುಂಡು ಹಾರಿಸದೆ ಯುದ್ಧ ಕಲಿಯಬಹುದಾದರೆ, ಮ್ಯಾನೇಜರು ಕಂಪನಿ ಮುಳುಗಿಸದೆ ವ್ಯಾಪಾರ ಯಾಕೆ ಕಲಿಯಬಾರದು? ಐಬಿಎಂ 650 ಕಂಪ್ಯೂಟರಿನ ಮೇಲೆ ಅವರ ಆಟ ಸಿದ್ಧವಾಯಿತು. ಒಂದೇ ಸಾಮಾನು ಮಾಡುವ ಐದು ಕಂಪನಿ, ಅಂದರೆ ಐದು ಟೀಮು. ಬೆಲೆ ಎಷ್ಟು, ಎಷ್ಟು ಮಾಡಬೇಕು, ಜಾಹೀರಾತಿಗೆ ಎಷ್ಟು, ಸಂಶೋಧನೆಗೆ ಎಷ್ಟು ಅಂತ ಮೂರು ತಿಂಗಳಿಗೊಮ್ಮೆ ನಿರ್ಧಾರ. ಅದೆಲ್ಲ ತೂತು ಹೊಡೆದ ಕಾರ್ಡಾಗಿ ಯಂತ್ರದ ಹೊಟ್ಟೆಗೆ ಹೋಗಿ ಲಾಭ ನಷ್ಟವಾಗಿ ಹೊರಗೆ ಬರುತ್ತಿತ್ತು. 1957ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತರಗತಿಗೂ ಇಂಥ ಆಟ ಬಂತು. ಪಿಟ್ಸ್‌ಬರ್ಗಿನ ಕಾರ್ನೆಗಿ ಟೆಕ್ಕಿನಲ್ಲಿ ಬಟ್ಟೆ ಸೋಪಿನ ಪುಡಿ ಮಾಡುವ ಮೂರು ಕಂಪನಿಗಳ ಆಟ ನಡೆಯುತ್ತಿತ್ತು. 1961ರ ಹೊತ್ತಿಗೆ ನೂರಕ್ಕೂ ಹೆಚ್ಚು ಇಂಥ ಆಟಗಳು ಚಲಾವಣೆಯಲ್ಲಿದ್ದವು.

ಎಲ್ಲದರಲ್ಲೂ ಯುದ್ಧದ ಎಲುಬು ಹಾಗೇ ಉಳಿಯಿತು. ನನ್ನ ಟೀಮು ಈ ಮೇಜು, ನಿನ್ನ ಟೀಮು ಆ ಮೇಜು.

ವಿದೇಶ ಈ ಆಟಕ್ಕೆ ಬಂದದ್ದು 1963–64ರಲ್ಲಿ. ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಸ್ವೀಡನ್ ಮೂಲದ ಹಾನ್ಸ್ ತೊರೆಲ್ಲಿ ಮತ್ತು ಅವರ ಸಂಗಡಿಗರು ಇಂಟಾಪ್ ಅಂತ ಒಂದು ಆಟ ಕಟ್ಟಿದರು. ಇಲ್ಲಿ ಪ್ರತಿ ಟೀಮೂ ಬಹುರಾಷ್ಟ್ರೀಯ ಕಂಪನಿ. ಮಾರುಕಟ್ಟೆಗಳು ಮೂರು – ಅಮೆರಿಕ, ಆಗಿನ ಯುರೋಪಿನ ಸಾಮಾನ್ಯ ಮಾರುಕಟ್ಟೆ, ಮತ್ತು ಬ್ರೆಜಿಲ್. ಒಂದು ದೇಶದಲ್ಲಿ ತಯಾರಿಸಿ ಇನ್ನೊಂದರಲ್ಲಿ ಮಾರಬಹುದು, ಟೀಮುಗಳೇ ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳಬಹುದು. ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ ಒಂದು ಯೋಚಿಸಿ. ಷಿಕಾಗೊದ ತರಗತಿಯಲ್ಲಿ ಬ್ರೆಜಿಲ್ ಅಂದರೆ ಒಂದಷ್ಟು ಅಂಕಿ. ಆಟದಲ್ಲಿ ಬ್ರೆಜಿಲ್ ಇತ್ತು, ಬ್ರೆಜಿಲಿನವನು ಇರಲಿಲ್ಲ. ಅವನು ಮಧ್ಯಾಹ್ನ ಎಷ್ಟು ಹೊತ್ತಿಗೆ ಉಣ್ಣುತ್ತಾನೆ, ಒಪ್ಪಿಗೆ ಇಲ್ಲದಿದ್ದಾಗ ಬಾಯಿಬಿಟ್ಟು ಹೇಳುತ್ತಾನೋ ಸುಮ್ಮನಿರುತ್ತಾನೋ, ಇದು ಯಾವ ಕಾರ್ಡಿನ ತೂತಿನಲ್ಲೂ ಇರುವುದಿಲ್ಲ.

ಹಾಗಂತ ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಆಗ ಸೇರುತ್ತಲೇ ಇರಲಿಲ್ಲ ಅಂತಲ್ಲ. ಎರಡನೇ ಮಹಾಯುದ್ಧದ ಬೂದಿ ಇನ್ನೂ ಬಿಸಿಯಿದ್ದಾಗಲೇ, 1948ರಲ್ಲಿ, ಯುರೋಪಿನ ಏಳು ದೇಶದ ವಾಣಿಜ್ಯ ವಿದ್ಯಾರ್ಥಿಗಳು ಸೇರಿ ಐಸೆಕ್ ಕಟ್ಟಿದ್ದರು. ನಿಮ್ಮ ಹುಡುಗ ನಮ್ಮ ದೇಶದ ಕಂಪನಿಯಲ್ಲಿ ಕೆಲಸ ಕಲಿಯಲಿ, ನಮ್ಮವನು ನಿಮ್ಮಲ್ಲಿ ಕಲಿಯಲಿ ಅನ್ನುವ ವಿನಿಮಯ. ಅದರಲ್ಲಿ ಪರಸ್ಪರ ಅರಿವಿತ್ತು, ಸ್ಪರ್ಧೆ ಇರಲಿಲ್ಲ. ಸ್ಪರ್ಧೆ ಇದ್ದಲ್ಲಿ ಬೆರಕೆ ಇರಲಿಲ್ಲ. 1981ರಲ್ಲಿ ಮಾಂಟ್ರಿಯಲ್‌ನ ಕಾಂಕಾರ್ಡಿಯಾ ವಿಶ್ವವಿದ್ಯಾಲಯ ಶುರುಮಾಡಿದ ಎಂಬಿಎ ಕೇಸ್ ಸ್ಪರ್ಧೆಯನ್ನೇ ನೋಡಿ. ಮುಂದೆ ಲೋಕದ ಮೂಲೆಮೂಲೆಯಿಂದ ಕಾಲೇಜುಗಳು ಅಲ್ಲಿಗೆ ಬಂದವು. ನಾಲ್ಕು ಜನರ ಟೀಮು, ಕೈಗೆ ಒಂದು ಕಂಪನಿಯ ಕಥೆ, ಮೂರು ಗಂಟೆ ಟೈಮು, ಆಮೇಲೆ ತೀರ್ಪುಗಾರರ ಮುಂದೆ ಮಾತು. ಅಂತರರಾಷ್ಟ್ರೀಯ ಹೌದು, ಆದರೆ ಒಂದು ಕಾಲೇಜಿನವರದು ಒಂದು ಟೀಮು. ಬೇರೆ ದೇಶದವನ ಜತೆ ಮಾತು ಬೆಳೆಯುವುದಿದ್ದರೆ ಅದು ಸಂಜೆಯ ಪಾರ್ಟಿಯಲ್ಲಿ.

ಇದೇ ಕಾಲಕ್ಕೆ ಇನ್ನೊಂದು ಘಟನೆ ಆಯಿತು, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1980ರಲ್ಲಿ ಹಾಲೆಂಡಿನ ಗೀರ್ಟ್ ಹಾಫ್‌ಸ್ಟೆಡ್ ಒಂದು ಪುಸ್ತಕ ತಂದರು. 1967ರಿಂದ 1973ರ ನಡುವೆ ಹತ್ತಾರು ದೇಶಗಳ ಐಬಿಎಂ ನೌಕರರಿಂದ ತುಂಬಿಸಿದ 1,16,000 ಪ್ರಶ್ನಾವಳಿಗಳನ್ನು ಅರೆದು, ಒಂದೊಂದು ದೇಶದ ಸಂಸ್ಕೃತಿಗೂ ಅಂಕ ಕೊಟ್ಟಿದ್ದರು. ಮೇಲಿನವರಿಗೆ ತಲೆಬಾಗುವ ಗುಣದಲ್ಲಿ ಭಾರತಕ್ಕೆ 77, ಅಮೆರಿಕಕ್ಕೆ 40. ನಾನು ಮೊದಲು, ಗುಂಪು ಆಮೇಲೆ ಅನ್ನುವ ಗುಣದಲ್ಲಿ ಅಮೆರಿಕಕ್ಕೆ 91, ಭಾರತಕ್ಕೆ 48. ಅಲ್ಲಿಂದ ಮುಂದೆ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇದು ಒಂಥರಾ ಪಂಚಾಂಗವೇ ಆಗಿಹೋಯಿತು. ಜಪಾನಿನವನ ಜತೆ ವ್ಯವಹಾರವೇ? ಪುಟ ತೆಗಿ, ಅಂಕ ನೋಡು. ಭಾರತದವನೇ? ಅವನು ಬಾಸ್ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ.

ಹುಟ್ಟಿದ ಊರು ಬಿಟ್ಟು ಮೂವತ್ತು ನಲವತ್ತು ವರ್ಷ ಬೇರೆ ಭಾಷೆಯವರ ನಡುವೆ ಬಾಳಿದವರಿಗೆ ಈ 48 ಅನ್ನುವ ಅಂಕ ಓದಿ ನಗು ಬರದೆ ಇರುತ್ತದೆಯೇ? ಬೀದರಿನವನಿಗೂ ಮಂಗಳೂರಿನವನಿಗೂ ಒಂದೇ ಅಂಕವೇ? ಅದೂ ಬಿಡಿ, ಒಂದೇ ಬಿಲ್ಡಿಂಗಿನಲ್ಲಿ ಮೂರನೇ ಮಹಡಿಯ ಬ್ಯಾಂಕ್ ಆಫೀಸರಿಗೂ ಕೆಳಗೆ ಗೇಟು ಕಾಯುವ ಅವರದೇ ಜಿಲ್ಲೆಯ ಮನುಷ್ಯನಿಗೂ? ಹಾಫ್‌ಸ್ಟೆಡ್ ತಮ್ಮ ಅಂಕ ಸರಾಸರಿ ಮಾತ್ರ, ಒಬ್ಬೊಬ್ಬ ಮನುಷ್ಯನ ಅಳತೆಗೋಲಲ್ಲ ಅಂತ ಎಚ್ಚರಿಕೆ ಕೊಟ್ಟಿದ್ದರು ಅನ್ನುವುದನ್ನೂ ಹೇಳಬೇಕು. ಪಂಚಾಂಗ ಮಾಡಿಕೊಂಡದ್ದು ಓದಿದವರು.

ಈ ಪಂಚಾಂಗವನ್ನು ಒರೆಗೆ ಹಚ್ಚಲು ಬೇಕಾದದ್ದು ಬಂದದ್ದು 2010ರಲ್ಲಿ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೊ ಶಾಖೆಯಲ್ಲಿ ಪಾಠ ಮಾಡುತ್ತಿದ್ದ, ಯುಕ್ರೇನ್ ಮೂಲದ ವಾಸ್ ಟಾರಸ್ ಎಂಬ ಪ್ರಾಧ್ಯಾಪಕ ಎಕ್ಸ್-ಕಲ್ಚರ್ ಅಂತ ಒಂದು ಯೋಜನೆ ಶುರುಮಾಡಿದರು. ಉಪಾಯ ಸರಳ. ಬೇರೆ ಬೇರೆ ದೇಶದ ಪ್ರಾಧ್ಯಾಪಕರು ತಮ್ಮ ತರಗತಿಯ ಮಕ್ಕಳನ್ನು ಕೊಡುವುದು, ಅವರನ್ನು ಕಲಸಿ ಐದಾರು ಜನರ ಟೀಮು ಮಾಡುವುದು. ಒಂದೇ ಟೀಮಿನಲ್ಲಿ ಒಬ್ಬ ಕೊಲಂಬಿಯಾದವನು, ಒಬ್ಬಳು ಇಂಡೋನೇಷ್ಯಾದವಳು, ಒಬ್ಬ ಘಾನಾದವನು, ಒಬ್ಬಳು ನಮ್ಮವಳು. ನಿಜವಾದ ಕಂಪನಿಯೊಂದು ತನ್ನ ಸಮಸ್ಯೆ ಕೊಡುತ್ತದೆ – ಹೊಸ ದೇಶಕ್ಕೆ ಹೋಗಬೇಕು, ಯಾವ ದೇಶ, ಯಾವ ದಾರಿ, ಯಾವ ಬೆಲೆ? ಸುಮಾರು ಎರಡು ತಿಂಗಳಲ್ಲಿ ವರದಿ ಬರೆಯಬೇಕು, ಒಳ್ಳೆಯ ವರದಿಗಳನ್ನು ಆರಿಸುತ್ತಾರೆ. ಟಿಕೆಟ್ಟಿಲ್ಲ, ವೀಸಾ ಇಲ್ಲ. ಬಡ ದೇಶದ ಕಾಲೇಜಿಗೂ ಜಾಗ ಸಿಕ್ಕಿದ್ದು ಇದರಿಂದಲೇ. ಕೆಲವೇ ವರ್ಷದಲ್ಲಿ ಒಂದೊಂದು ಸೆಮಿಸ್ಟರಿಗೆ ಸಾವಿರಾರು ಮಕ್ಕಳು ಸೇರುವಷ್ಟು ಬೆಳೆಯಿತು.

ಕೊನೆಗೂ ಬ್ರೆಜಿಲಿನವನು ಅಂಕಿಯಿಂದ ಎದ್ದು ಬಂದು ಪಕ್ಕದಲ್ಲಿ ಕೂತ. ಕೂತ ಕೂಡಲೇ ತಾಪತ್ರಯಗಳೂ ಬಂದವು!

ಮೊದಲನೆಯದು ಗಡಿಯಾರ. ಹೈದರಾಬಾದಿನಲ್ಲಿ ರಾತ್ರಿ ಒಂಬತ್ತು ಅಂದರೆ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತೂವರೆ, ನೈರೋಬಿಯಲ್ಲಿ ಸಂಜೆ ಆರೂವರೆ, ಜಕಾರ್ತದಲ್ಲಿ ರಾತ್ರಿ ಹತ್ತೂವರೆ. ಇದನ್ನು ಹೇಗೋ ಹೊಂದಿಸಿಕೊಂಡಿರಿ ಅನ್ನಿ. ಮಾರ್ಚಿ ಎರಡನೇ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಯುರೋಪಿನವರು ತಿರುಗಿಸುವುದು ಅದೇ ತಿಂಗಳ ಕೊನೆಯ ಭಾನುವಾರ. ನಾವು, ಕೀನ್ಯಾದವರು, ಇಂಡೋನೇಷ್ಯಾದವರು ತಿರುಗಿಸುವುದೇ ಇಲ್ಲ. ಆ ಎರಡು ಮೂರು ವಾರದಲ್ಲಿ ಇಂಥ ಟೀಮುಗಳಲ್ಲಿ ಅವನು ಮೀಟಿಂಗಿಗೆ ಬರಲಿಲ್ಲ, ಅವನಿಗೆ ಜವಾಬ್ದಾರಿ ಇಲ್ಲ ಅಂತ ಎಷ್ಟು ಮನಸ್ಸು ಮುರಿಯುತ್ತವೋ. ತಪ್ಪು ಸಂಸ್ಕೃತಿಯದಲ್ಲ, ಗಡಿಯಾರದ್ದು!

ಎರಡನೆಯದು ಮೈಗಳ್ಳತನ. ಇದು ಎಲ್ಲ ದೇಶಕ್ಕೂ ಸಮಾನ ಆಸ್ತಿ. ಕಣ್ಣಿಗೆ ಕಾಣದ ಟೀಮಿನಲ್ಲಿ ಮಾಯವಾಗುವುದು ಸುಲಭ. ಹಾಗಾಗಿ ಎಕ್ಸ್-ಕಲ್ಚರ್‌ನವರು ಸೇರುವ ಮೊದಲೇ ಒಂದು ಪರೀಕ್ಷೆ ಇಟ್ಟರು, ವಾರ ವಾರ ಒಬ್ಬರಿಗೊಬ್ಬರು ಅಂಕ ಕೊಡುವ ಪದ್ಧತಿ ತಂದರು. ಜತೆಯವರು ಸತತವಾಗಿ ತೀರಾ ಕಡಿಮೆ ಕೊಟ್ಟರೆ ಟೀಮಿನಿಂದ ಹೊರಗೆ. ಮೂರನೆಯದು ಇಂಗ್ಲಿಷ್. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ವರದಿ ಇಂಗ್ಲಿಷಿನಲ್ಲೇ ಇರಬೇಕು. ಮನೆಮಾತೇ ಇಂಗ್ಲಿಷ್ ಆದವನು ಕೊನೆಯ ರಾತ್ರಿ ಎಲ್ಲವನ್ನೂ ತಿದ್ದುತ್ತಾ ಕೂರುತ್ತಾನೆ, ಉಳಿದವರ ಕೆಲಸವೆಲ್ಲ ನನ್ನ ತಲೆ ಮೇಲೆ ಬಿತ್ತು ಅಂತ ಗೊಣಗುತ್ತಾನೆ. ಪಕ್ಕದಲ್ಲಿ ತನ್ನ ದೇಶದ ಸುಂಕ, ಬಾಡಿಗೆ, ಅಂಗಡಿ ಲೆಕ್ಕವನ್ನೆಲ್ಲ ಕಲೆಹಾಕಿ ಕೊಟ್ಟವಳ ವಾಕ್ಯ ಓರೆಕೋರೆ ಇದ್ದ ಕಾರಣಕ್ಕೆ ಅವಳ ಕೆಲಸ ಸಣ್ಣದಾಗಿ ಕಾಣುತ್ತದೆ. ಮುಂಬಯಿಗೋ ದಿಲ್ಲಿಗೋ ಮೊದಲ ಸಲ ಬಂದು ಆಫೀಸಿನಲ್ಲಿ ಬಾಯಿ ತೆರೆಯಲು ಹೆದರಿದ್ದ ನಮ್ಮ ಪೀಳಿಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಟೀಮುಗಳು ಸೇರಿದ್ದರಿಂದ ಸಂಶೋಧಕರಿಗೆ ಒಂದು ದೊಡ್ಡ ಪ್ರಯೋಗಶಾಲೆ ಸಿಕ್ಕಂತಾಯಿತು. 2019ರಲ್ಲಿ ಟಾರಸ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಲೇಖನ ಈ ಟೀಮುಗಳಲ್ಲಿನ ವ್ಯತ್ಯಾಸವನ್ನು ಎರಡಾಗಿ ಒಡೆದು ನೋಡಿತು. ವಯಸ್ಸು, ಭಾಷೆಯ ಹಿಡಿತ, ಮೌಲ್ಯಗಳು – ಇಂಥ ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸ ಹೆಚ್ಚಿದ್ದಲ್ಲಿ ಟೀಮಿನ ವಾತಾವರಣ ಕೆಡುತ್ತಿತ್ತು. ಆದರೆ ಅವರು ಬಂದ ದೇಶಗಳ ಆರ್ಥಿಕ, ರಾಜಕೀಯ ಸ್ಥಿತಿಗತಿಯ ವ್ಯತ್ಯಾಸ ಹೆಚ್ಚಿದ್ದಲ್ಲಿ ಕೆಲಸ ಚೆನ್ನಾಗಿ ಆಗುತ್ತಿತ್ತು. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಕರೆಂಟು ಹೋಗುವ ಊರಿನವನಿಗೆ ಗೊತ್ತಿರುವುದು ಕರೆಂಟು ಹೋಗದ ಊರಿನವನಿಗೆ ಗೊತ್ತಿರುವುದಿಲ್ಲ. ಅದಕ್ಕೂ ಮೊದಲು, 2016ರಲ್ಲಿ, ಅವರೇ ಇನ್ನಿಬ್ಬರ ಜತೆ 32 ದೇಶಗಳ ಮೇಲೆ ನಡೆದ 558 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ್ದರು. ಸಾಂಸ್ಕೃತಿಕ ಮೌಲ್ಯಗಳ ವ್ಯತ್ಯಾಸದಲ್ಲಿ ಸುಮಾರು 80 ಪಾಲು ದೇಶದ ಒಳಗೇ ಇದೆ, ದೇಶ ದೇಶಗಳ ನಡುವೆ ಇರುವುದು ಉಳಿದದ್ದು ಮಾತ್ರ. ಪಾಸ್‌ಪೋರ್ಟಿಗಿಂತ ಮನುಷ್ಯನ ಕಸುಬು, ಅವನ ಆರ್ಥಿಕ ಮಟ್ಟ ಅವನ ಸಂಸ್ಕೃತಿಯನ್ನು ಚೆನ್ನಾಗಿ ಹೇಳುತ್ತದೆ ಅಂತ ಅವರ ವಾದ. ಬಿಲ್ಡಿಂಗಿನ ಮೂರನೇ ಮಹಡಿ ಮತ್ತು ಗೇಟು, ನೋಡಿ.

ಎಕ್ಸ್-ಕಲ್ಚರ್‌ನದು ತರಗತಿಯ ಕಥೆ. ದೊಡ್ಡ ದುಡ್ಡಿನ ಕಥೆ ಇನ್ನೊಂದು. ಅದೇ 2010ರಲ್ಲಿ ಹಲ್ಟ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿಯಾಗಿದ್ದ ಅಹ್ಮದ್ ಅಶ್ಕರ್ ಕಲ್ಪನೆಯಿಂದ, ಸ್ವೀಡನ್ನಿನ ಉದ್ಯಮಿ ಬರ್ಟಿಲ್ ಹಲ್ಟ್ ಅವರ ಹಣದಿಂದ ಹಲ್ಟ್ ಪ್ರೈಜ್ ಶುರುವಾಯಿತು. ಬಡತನದ ಒಂದು ಸಮಸ್ಯೆಗೆ ವ್ಯಾಪಾರದ ಪರಿಹಾರ ಹುಡುಕಬೇಕು, ಗೆದ್ದವರಿಗೆ ಹತ್ತು ಲಕ್ಷ ಡಾಲರ್ ಮೂಲ ಬಂಡವಾಳ. ಆ ವರ್ಷಗಳಲ್ಲಿ ಕೊನೆಯ ಸುತ್ತು ನಡೆಯುತ್ತಿದ್ದದ್ದು ನ್ಯೂಯಾರ್ಕಿನಲ್ಲಿ, ಪ್ರೈಜು ಕೊಡಲು ಬರುತ್ತಿದ್ದವರು ಬಿಲ್ ಕ್ಲಿಂಟನ್. ಸೂಟುಬೂಟು ಹಾಕಿ ಕೊಳೆಗೇರಿಯ ಬಗ್ಗೆ ಹತ್ತು ನಿಮಿಷ ಮಾತಾಡುವುದು ಅಂತ ಇದನ್ನು ಮೂಗು ಮುರಿದವರಿದ್ದಾರೆ, ನನಗೂ ಸ್ವಲ್ಪ ಹಾಗೇ ಅನ್ನಿಸುತ್ತದೆ. 2013ರಲ್ಲಿ ಗೆದ್ದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಮಿಡತೆಯಂಥ ಕೀಟಗಳಿಂದ ಕೊಳೆಗೇರಿಯ ಹಸಿವು ನೀಗಿಸುವುದಾಗಿ ಹೊರಟರು. ಕಂಪನಿ ಬೆಳೆದು ಕೊನೆಗೆ ಕೆನಡಾದಲ್ಲಿ ಭಾರೀ ಕೀಟ ಕಾರ್ಖಾನೆ ಕಟ್ಟಿ, 2024ರಲ್ಲಿ ಬಹುಪಾಲು ಕೆಲಸಗಾರರನ್ನು ಮನೆಗೆ ಕಳಿಸಬೇಕಾಯಿತು.

2014ರಲ್ಲಿ ಗೆದ್ದವರು ನಮ್ಮ ಹೈದರಾಬಾದಿನವರು. ಗಚ್ಚಿಬೌಲಿಯ ಐಎಸ್‌ಬಿ ವಿದ್ಯಾರ್ಥಿಗಳ ನ್ಯಾನೊಹೆಲ್ತ್. ಆ ವರ್ಷದ ವಿಷಯ ಕೊಳೆಗೇರಿಗಳಲ್ಲಿನ ಸಕ್ಕರೆ ಕಾಯಿಲೆ, ಬಿಪಿಯಂಥ ದೀರ್ಘರೋಗ. ಬಸ್ತಿಯ ಜನರಲ್ಲೇ ಆರಿಸಿ ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತರು – ಅವರಿಗೆ ಸಾಥಿ ಅಂತ ಹೆಸರು – ಕೈಯಲ್ಲಿ ಪರೀಕ್ಷೆಯ ಸಾಮಾನಿನ ಚೀಲ ಹಿಡಿದು ಮನೆ ಮನೆಗೆ ಹೋಗುವುದು. ಈ ಟೀಮು ಸಂಸ್ಕೃತಿಯ ಗಡಿ ದಾಟಿದ್ದು ನ್ಯೂಯಾರ್ಕಿಗೆ ಹಾರಿದಾಗ ಅಲ್ಲ ಅಂತ ನನ್ನ ಲೆಕ್ಕ. ಐಎಸ್‌ಬಿಯ ಗೇಟಿನಿಂದ ಹಳೇ ಊರಿನ ಬಸ್ತಿಗೆ ಸಿಟಿ ಬಸ್ಸಿನಲ್ಲೇ ಹೋಗಬಹುದು. ಆದರೆ ಆ ಅಂತರ ದಾಟಿಸಲು ಸಾಥಿಯೇ ಬೇಕಾದಳು.

2015ರಲ್ಲಿ ತೈವಾನಿನ ಟೀಮು ಗೆದ್ದಿತು, ಅದರಲ್ಲಿ ತೈವಾನಿನವರ ಜತೆ ಮಧ್ಯ ಅಮೆರಿಕದ ವಿದ್ಯಾರ್ಥಿಗಳೂ ಇದ್ದರು. ನನಗೆ ತುಂಬಾ ಹಿಡಿಸಿದ್ದು ಮಾತ್ರ 2016ರ ಗೆಲುವು. ಇಂಡಿಯಾನಾ ರಾಜ್ಯದ ರಿಚ್‌ಮಂಡ್ ಎಂಬ ಸಣ್ಣ ಊರಿನ ಅರ್ಲಮ್ ಕಾಲೇಜು, ಕ್ವೇಕರ್ ಪಂಥದವರು 1847ರಲ್ಲಿ ಕಟ್ಟಿದ್ದು. ಆಗ ಅಲ್ಲಿದ್ದದ್ದು ಸುಮಾರು ಸಾವಿರ ಮಕ್ಕಳು ಅಷ್ಟೇ. ಅಲ್ಲಿನ ನಾಲ್ವರು ಸೇರಿದರು: ಕೀನ್ಯಾದ ಹುಡುಗ, ಭಾರತದ ಹುಡುಗಿ, ಕಾಂಗೊ ಗಣರಾಜ್ಯದ ಹುಡುಗಿ, ಅಮೆರಿಕದ ಹುಡುಗಿ. ಹೆಸರಾಂತ ಬಿಸಿನೆಸ್ ಸ್ಕೂಲುಗಳನ್ನೆಲ್ಲ ದಾಟಿ ಗೆದ್ದರು. ವಿಷಯ ನೈರೋಬಿಯ ಮಟಾಟು.

ಮಟಾಟು ಅಂದರೆ ಖಾಸಗಿ ವ್ಯಾನು, ಮಿನಿಬಸ್ಸು. ಸ್ವಾಹಿಲಿಯಲ್ಲಿ ಟಾಟು ಅಂದರೆ ಮೂರು, ಹಿಂದೆ ಮೂರು ನಾಣ್ಯ ಕೊಟ್ಟು ಹತ್ತುತ್ತಿದ್ದದ್ದರಿಂದ ಆ ಹೆಸರು. ಟೈಮಿಲ್ಲ, ತುಂಬಿದರೆ ಹೊರಡುತ್ತದೆ, ಮಳೆ ಬಂದರೆ ರೇಟು ಏರುತ್ತದೆ. ದುಡ್ಡೆಲ್ಲ ಕಂಡಕ್ಟರನ ಕೈಯಲ್ಲಿ ನಗದು. ಇದಕ್ಕೆ ಹಿಂದೆಯೇ ದೊಡ್ಡವರು ಕೈಹಾಕಿದ್ದರು. 2013ರಲ್ಲಿ ಗೂಗಲ್ ಅಲ್ಲಿನ ಈಕ್ವಿಟಿ ಬ್ಯಾಂಕಿನ ಜತೆ ಸೇರಿ ಬೆಬಾಪೇ ಅಂತ ಕಾರ್ಡು ತಂದಿತು. 2014ರಲ್ಲಿ ಸರಕಾರವೇ ನಗದು ಬೇಡ, ಕಾರ್ಡಿರಲಿ ಅಂತ ಒತ್ತಾಯಿಸಿತು. ಎರಡೂ ನೆಲಕಚ್ಚಿದವು. ನಗದಿನ ಮೇಲೆ ಡ್ರೈವರು, ಕಂಡಕ್ಟರು, ದಾರಿಯಲ್ಲಿ ಕೈಚಾಚುವ ಪೊಲೀಸು ಎಲ್ಲರ ಊಟ ನಿಂತಿತ್ತು. ಅಷ್ಟು ಹೊತ್ತಿಗೆ 2007ರಲ್ಲೇ ಶುರುವಾಗಿದ್ದ ಎಂ-ಪೆಸಾದಿಂದ ಕೀನ್ಯಾದ ಜನ ಮೊಬೈಲಿನಲ್ಲೇ ಹಣ ಕಳಿಸುತ್ತಿದ್ದರು, ಹೊಸ ಕಾರ್ಡು ಯಾರಿಗೆ ಬೇಕಿತ್ತು? ಅರ್ಲಮ್ ಮಕ್ಕಳು ಸ್ಮಾರ್ಟ್‌ಫೋನೂ ಬೇಡ ಇಂಟರ್ನೆಟ್ಟೂ ಬೇಡ, ಸಾದಾ ಫೋನಿನ ಎಸ್ಸೆಮ್ಮೆಸ್ಸಿನಲ್ಲೇ ಸೀಟು ಹಿಡಿದು ದುಡ್ಡು ಕಟ್ಟುವ ವ್ಯವಸ್ಥೆ ಮಾಡಿದರು. ಮ್ಯಾಜಿಕ್ ಬಸ್ ಅಂತ ಹೆಸರಿಟ್ಟರು.

ಟಾರಸ್ ಅವರ ಲೆಕ್ಕವನ್ನು ಇವರ ಮೇಲೆ ಹಾಕಿ ನೋಡಿ. ಒಂದೇ ಪುಟ್ಟ ಕ್ಯಾಂಪಸ್ಸು, ಒಂದೇ ಮೆಸ್ಸು, ಹೆಚ್ಚುಕಡಿಮೆ ಒಂದೇ ವಯಸ್ಸು, ನಡುವೆ ಒಂದೇ ಭಾಷೆ. ಗಡಿಯಾರದ ಕಾಟವಂತೂ ಇಲ್ಲವೇ ಇಲ್ಲ. ಆದರೆ ನಾಲ್ವರೂ ಬೆಳೆದ ರಸ್ತೆಗಳು ಬೇರೆ. ಮಟಾಟುವಿಗೆ ಕಾದು ನಿಂತವನೊಬ್ಬ ಟೀಮಿನಲ್ಲೇ ಇದ್ದ. ಬಸ್ಸಿನ ಟಿಕೆಟ್ಟಿಗೆ ಪರದಾಡುವುದು ಭಾರತದವಳಿಗೂ ಹೊಸದೇನಲ್ಲ. ಬೆಂಗಳೂರಿನಲ್ಲಿದ್ದ ಇಂಜಿನಿಯರನೊಬ್ಬನಿಗೆ 2005ರ ದೀಪಾವಳಿಗೆ ನಮ್ಮ ಹೈದರಾಬಾದಿನ ಕಡೆಯ ಬಸ್ ಟಿಕೆಟ್ ಸಿಗದೆ ಹೋದದ್ದರಿಂದಲೇ ಅಲ್ಲವೇ, 2006ರಲ್ಲಿ ರೆಡ್‌ಬಸ್ ಹುಟ್ಟಿದ್ದು?

ಗೆದ್ದ ಮೇಲೆ ದಾರಿ ನೆಟ್ಟಗಿರಲಿಲ್ಲ. ಊರೊಳಗಿನ ಮಟಾಟು ಬಿಟ್ಟು ಅವರು ಕ್ರಮೇಣ ದೂರದ ಊರುಗಳ ಬಸ್ಸಿನ ಕಡೆ ತಿರುಗಿದರು. ಅಲ್ಲಿ ಸೀಟಿಗೆ ನಂಬರಿತ್ತು, ಮಾಲೀಕರಿಗೆ ಲೆಕ್ಕ ಬೇಕಿತ್ತು. ಹೆಸರು ಬುಪಾಸ್ ಆಯಿತು. 2023ರಲ್ಲಿ ಅದು ಆಫ್ರಿಕದ ಇನ್ನೊಂದು ಬಸ್ ಬುಕಿಂಗ್ ಕಂಪನಿ ಕ್ವಿಕ್‌ಬಸ್ಸನ್ನು ಕೊಂಡುಕೊಂಡಿತು. ಆ ಹೊತ್ತಿಗೆ ಕಂಪನಿ ನಡೆಸುತ್ತಿದ್ದವರು ನಾಲ್ವರಲ್ಲಿ ಇಬ್ಬರು – ಕೀನ್ಯಾದ ಹುಡುಗ, ಭಾರತದ ಹುಡುಗಿ.